ಹಿಂದಿನ ಸೀಲು ಮೂರನೇ ಸಲ ಸೋರುತ್ತಿದೆ, ವೆಂಟ್ ಪೈಪು ಕಾರಣವಿರಬಹುದೇ?

ಗಾಡಿಹುಚ್ಚ:

ಎಲ್ಲರಿಗೂ ನಮಸ್ಕಾರ. ನನ್ನದು 1994ರ ಮಾಡೆಲ್ಲಿನ ಫೋರ್ ವೀಲ್ ಡ್ರೈವ್ ಸಣ್ಣ ಲಾರಿ. ಹಿಂದೆ ಗಟ್ಟಿ ಆಕ್ಸಲ್ಲು, ಲೀಫ್ ಸ್ಪ್ರಿಂಗು, ಡ್ರಮ್ ಬ್ರೇಕು. 14 ತಿಂಗಳಲ್ಲಿ ಹಿಂದಿನ ಎಡಚಕ್ರದ ಆಯಿಲ್ ಸೀಲು (ಶಾಫ್ಟಿನ ಸುತ್ತ ಕೂತು ಆಯಿಲು ತಡೆಯುವ ರಬ್ಬರ್ ಉಂಗುರ) ಮೂರು ಸಲ ಹೋಯಿತು. ಪ್ರತಿ ಸಲವೂ ಒಂದೇ ಕತೆ. ಮೊದಲು ಬ್ರೇಕು ಒಂದು ಕಡೆಗೆ ಎಳೆಯುತ್ತದೆ, ಆಮೇಲೆ ಟೈರಿನ ಒಳಮೈ ಮೇಲೆ ಕಪ್ಪು ಗೆರೆ ಕಾಣುತ್ತದೆ, ಡ್ರಮ್ ಬಿಚ್ಚಿದರೆ ಬ್ರೇಕ್ ಲೈನರೆಲ್ಲ ಗೇರ್ ಆಯಿಲಿನಲ್ಲಿ ಮುಳುಗೆದ್ದಂತಿರುತ್ತದೆ.

ಮೊದಲನೇ ಸಲ ಗ್ಯಾರೇಜಿನವರು ಸೀಲು ಹಳೇದು ಅಂದರು. ಎರಡನೇ ಸಲ ಸೀಲು ಡೂಪ್ಲಿಕೇಟು ಅಂದರು. ಆಗ ಒರಿಜಿನಲ್ ಸೀಲು ತಂದು ನಾನೇ ಕೂತು ಹಾಕಿದೆ. ನಾಲ್ಕು ತಿಂಗಳು ಬಂತು, ಅಷ್ಟೆ. ಈಗ ಪಿನಿಯನ್ ಸೀಲಿನ (ಎಂಜಿನ್ ಕಡೆಯಿಂದ ಬರುವ ಶಾಫ್ಟು ಆಕ್ಸಲ್ಲಿಗೆ ಸೇರುವಲ್ಲಿನ ಸೀಲು) ಹತ್ತಿರವೂ ಜಿನುಗಲು ಶುರುವಾಗಿದೆ.

ಲೆವೆಲ್ ಪ್ಲಗ್ (ಆಯಿಲಿನ ಮಟ್ಟ ನೋಡುವ ತೂತಿನ ಬಿರಡೆ) ಬಿಚ್ಚಿ ಬೆರಳು ಹಾಕಿ ನೋಡಿದೆ. ಆಯಿಲು ಮಟ್ಟಕ್ಕೇ ಇದೆ, ಆದರೆ ಬಣ್ಣ ಬೂದುಬೂದಾಗಿದೆ. ತಿಂಗಳಿಗೆ ಒಂದೆರಡು ಸಲ ಮೊಣಕಾಲುದ್ದ ನೀರಿರುವ ಹಳ್ಳ ದಾಟುವುದಿದೆ, ಅದನ್ನೂ ಹೇಳಿಬಿಡುತ್ತೇನೆ.

ಯಾರೋ ವೆಂಟ್ ಪೈಪ್ (ಆಕ್ಸಲ್ಲಿನೊಳಗಿನ ಗಾಳಿ ಹೋಗಿ ಬರುವ ಕೊಳವೆ) ನೋಡು ಅಂದರು. ಆಕ್ಸಲ್ಲಿನ ಹೌಸಿಂಗಿನ (ಹೊರಕವಚದ) ನೆತ್ತಿಯ ಮೇಲೆ ಒಂದು ನಿಪ್ಪಲ್ಲಿದೆ. ಅಲ್ಲಿಂದ ಪೆನ್ಸಿಲ್ ದಪ್ಪದ ರಬ್ಬರ್ ಪೈಪು ಚಾಸಿಯವರೆಗೆ ಹೋಗಿ, ತಗಡಿನ ಪುಟ್ಟ ಟೋಪಿಯಲ್ಲಿ ಮುಗಿಯುತ್ತದೆ. ಪೈಪು ಕಿತ್ತು ಬಾಯಿಂದ ಊದಿದೆ, ಗಾಳಿ ಸರಾಗವಾಗಿ ಹೋಯಿತು. ಹಾಗಾದರೆ ವೆಂಟ್ ಸರಿ ಇದೆ ಅಂತ ಬಿಟ್ಟುಬಿಡಲೇ? ನಿಜ ಹೇಳಬೇಕೆಂದರೆ ಇಷ್ಟು ಸಣ್ಣ ಪೈಪಿನಿಂದ ಇಷ್ಟೆಲ್ಲ ಆಗುತ್ತದೆ ಅಂತ ನಂಬಿಕೆಯೇ ಬರುತ್ತಿಲ್ಲ.


ನಾಲ್ಕನೇಗೇರ್:

ಸೀಲಿನ ತುಟಿ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ ಎಂದರ್ಥ (ಕಾಲುವೆ ಥರದ್ದು). ಬೇರಿಂಗಿನಲ್ಲಿ ಆಟವಿದ್ದರೂ ಹೊಸ ಸೀಲು ತಡೆಯುವುದಿಲ್ಲ. ವೆಂಟಿಗೆ ಹೋಗುವ ಮೊದಲು ಇವೆರಡು.


ಹಳೇಕೈ:

ಗಾಡಿಹುಚ್ಚ ಅವರೇ, ನೀವು ಊದಿ ನೋಡಿದ್ದು ಪೈಪನ್ನು. ಆಕ್ಸಲನ್ನಲ್ಲ.

ಬಯ್ಯುತ್ತಿಲ್ಲ, ಇದೇ ತಪ್ಪು ನಾನೂ ಮಾಡಿದವನೇ. ಮೂವತ್ತು ವರ್ಷ ಲಾರಿಗಳ ಕೆಳಗೆ ಮಲಗಿ ಎದ್ದವನು, ಈಗ ಮಲಗಿದರೆ ಏಳಲು ಇನ್ನೊಬ್ಬರ ಕೈ ಬೇಕು. ಹಾಗಾಗಿ ಕೂತು ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ಹೌಸಿಂಗಿನೊಳಗೆ ಆಯಿಲು ಬಿಟ್ಟರೆ ಉಳಿದದ್ದೆಲ್ಲ ಗಾಳಿ. ಗಾಡಿ ಓಡಿದಾಗ ಕ್ರೌನು ಪಿನಿಯನ್ನು ಹಲ್ಲುಚಕ್ರಗಳು ತಿಕ್ಕಾಡಿ ಆಯಿಲು ಕಾಯುತ್ತದೆ, ಗಾಳಿಯೂ ಕಾಯುತ್ತದೆ. ಬೆಳಿಗ್ಗೆ 20 ಡಿಗ್ರಿ ಇದ್ದದ್ದು ಒಂದು ಗಂಟೆ ಓಡಿದ ಮೇಲೆ 80 ಡಿಗ್ರಿ ಆಯಿತು ಅಂತಿಟ್ಟುಕೊಳ್ಳಿ. ಗಾಳಿ ಐದರಲ್ಲಿ ಒಂದು ಪಾಲಿನಷ್ಟು ಹಿಗ್ಗಬೇಕು. ಹೊರಗೆ ಹೋಗಲು ದಾರಿಯಿದ್ದರೆ ಹೋಗುತ್ತದೆ. ದಾರಿ ಇಲ್ಲದಿದ್ದರೆ ಒಳಗೇ ಸುಮಾರು 0.2 ಬಾರ್, ಅಂದರೆ 3 ಪಿಎಸ್‌ಐ ಒತ್ತಡ ಕೂರುತ್ತದೆ. ಟೈರಿನ ಗಾಳಿಗೆ ಹೋಲಿಸಿದರೆ ಇದೇನೂ ಅಲ್ಲ ಅನ್ನಿಸುತ್ತದೆ. ಆದರೆ ಸೀಲಿನ ತುಟಿ ಆಯಿಲನ್ನು ಒರೆಸಿ ಹಿಂದಕ್ಕೆ ತಳ್ಳುವುದಕ್ಕೆ ಇರುವಂಥದ್ದು, ಗಾಳಿ ಹಿಡಿದು ನಿಲ್ಲಿಸುವುದಕ್ಕಲ್ಲ. ಒತ್ತಡ ಬಿದ್ದರೆ ಆ ತುಟಿ ಶಾಫ್ಟನ್ನು ಅಪ್ಪಿ ಹಿಡಿಯುತ್ತದೆ. ಅಪ್ಪಿದರೆ ಬಿಸಿ, ಬಿಸಿಯಾದರೆ ರಬ್ಬರು ಬಿರುಸು, ಶಾಫ್ಟಿನ ಮೇಲೆ ಗೆರೆ. ನಾಲ್ಕನೇಗೇರ್ ಹೇಳಿದ ಆ ಗೆರೆ ಎಷ್ಟೋ ಸಲ ವೆಂಟ್ ಮುಚ್ಚಿದ್ದರ ಗುರುತು. ಹೊಸ ಸೀಲು ಹಳೇದಕ್ಕಿಂತ ಬೇಗ ಹೋಗುವುದೂ ಇದಕ್ಕೇ. ಗೆರೆ ಬಿದ್ದ ಶಾಫ್ಟು, ಒಳಗಿಂದ ನೂಕುವ ಗಾಳಿ, ಅದು ಪಾಪ ಏನು ಮಾಡೀತು?

ಎಡಗಡೆಯೇ ಯಾಕೆ ಅಂತ ಕೇಳಿದಿರಿ ಅಂದುಕೊಳ್ಳುತ್ತೇನೆ. ಒತ್ತಡ ಎಲ್ಲ ಸೀಲುಗಳ ಮೇಲೂ ಸಮ, ಸೋಲುವುದು ಬಡಪಾಯಿ. ಗಾಡಿ ನಿಲ್ಲಿಸುವ ಜಾಗ ಎಡಕ್ಕೆ ವಾಲಿದ್ದರೆ ಆಯಿಲು ಆ ಕಡೆಯ ಕೊಳವೆಗೇ ಹರಿದು ನಿಂತಿರುತ್ತದೆ. ಈಗ ಪಿನಿಯನ್ನಲ್ಲೂ ಜಿನುಗು ಬಂತು ಅಂದಿರಲ್ಲ, ನನಗೆ ಅನುಮಾನ ಗಟ್ಟಿಯಾದದ್ದು ಅಲ್ಲೇ. ಒಂದು ಸೀಲು ಸೋರಿದರೆ ಸೀಲಿನ ತಪ್ಪಿರಬಹುದು. ದೂರದೂರದ ಎರಡು ಸೀಲು ಒಟ್ಟಿಗೆ ಸೋರಿದರೆ ಮೊದಲು ನೆತ್ತಿಯ ವೆಂಟ್ ನೋಡಬೇಕು.

ಇನ್ನು ನೀರು. ನನಗೆ ಇದೇ ಹೆಚ್ಚು ಭಯದ್ದು. ಕಾದ ಆಕ್ಸಲ್ಲು ತಣ್ಣನೆಯ ಹಳ್ಳಕ್ಕೆ ಇಳಿಯಿತು. 80 ಡಿಗ್ರಿಯಿಂದ 25ಕ್ಕೆ ಬಂದರೆ ಒಳಗಿನ ಗಾಳಿ ಆರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ, ಹೊರಗಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ವೆಂಟಿನಿಂದ ಗಾಳಿ ಬಂದರೆ ಕತೆ ಮುಗಿಯಿತು. ಬರದಿದ್ದರೆ ಸುಮಾರು 0.15 ಬಾರಿನಷ್ಟು ಸೆಳೆತ. ಒಂದೂವರೆ ಮೀಟರು ನೀರಿನ ಭಾರಕ್ಕೆ ಅದು ಸಮ. ನಿಮ್ಮ ಹಳ್ಳ ಇರುವುದು ಅರ್ಧ ಮೀಟರು ಆಳ, ಅದರ ಒತ್ತಡ 0.05 ಬಾರ್ ಅಷ್ಟೇ. ಅಂದರೆ ನೀರು ತಾನಾಗಿ ನುಗ್ಗುವುದಕ್ಕಿಂತ ಮೂರು ಪಟ್ಟು ಜೋರಾಗಿ ಆಕ್ಸಲ್ಲೇ ಅದನ್ನು ಒಳಗೆ ಎಳೆಯುತ್ತದೆ. ಸೀಲಿನ ಮುಖ ಒಳಗಡೆಗೆ, ಆಯಿಲಿಗೆ ಎದುರಾಗಿ. ಬೆನ್ನ ಹಿಂದಿನಿಂದ ಬಂದರೆ ತುಟಿ ಎದ್ದು ದಾರಿ ಬಿಡುತ್ತದೆ. ನಿಮ್ಮ ಬೂದು ಬಣ್ಣದ ಆಯಿಲು ಅಲ್ಲಿಂದ ಬಂದದ್ದು.

ಸರಿಯಾಗಿ ನೋಡುವುದು ಹೀಗೆ. ಗಾಡಿ ತಣ್ಣಗಿರಲಿ. ಲೆವೆಲ್ ಪ್ಲಗ್ ಬಿಚ್ಚಿಡಿ. ಪೈಪನ್ನು ನಿಪ್ಪಲ್ಲಿಗೇ ಬಿಟ್ಟು, ಮೇಲಿನ ಟೋಪಿ ಮಾತ್ರ ತೆಗೆದು ಅಲ್ಲಿಂದ ಊದಿ. ಇನ್ನೊಬ್ಬರು ಪ್ಲಗ್ಗಿನ ತೂತಿಗೆ ಒದ್ದೆ ಅಂಗೈ ಹಿಡಿಯಲಿ. ಗಾಳಿ ಅಂಗೈಗೆ ತಾಗಬೇಕು. ತಾಗದಿದ್ದರೆ ಮುಚ್ಚಿರುವುದು ಪೈಪಲ್ಲ, ನಿಪ್ಪಲ್ಲು ಅಥವಾ ಅದರ ಕೆಳಗಿನ ತೂತು.

ಎಷ್ಟೇ ಆತುರವಿದ್ದರೂ ಕಂಪ್ರೆಸರ್ ಗಾಳಿ ಮಾತ್ರ ಆಕ್ಸಲ್ಲಿಗೆ ಬಿಡಬೇಡಿ. ಕೆಲಸ ಕಲಿಯುವ ಕಾಲದಲ್ಲಿ ನಾನು ಬಿಟ್ಟಿದ್ದೆ. ಮುಚ್ಚಿದ್ದದ್ದೇನೋ ಬಿಟ್ಟಿತು, ಅದರ ಹಿಂದೆಯೇ ಅಷ್ಟೂ ಗಾಳಿ ನುಗ್ಗಿ ಪಿನಿಯನ್ ಸೀಲು ಗೂಡಿನಿಂದಲೇ ಕಿತ್ತು ಬಂತು. ಗೇರ್ ಆಯಿಲಿನ ಆ ಗಂಧಕದ ವಾಸನೆ ಎರಡು ವಾರ ತಲೆಗೂದಲು ಬಿಡಲಿಲ್ಲ. ಗಾಳಿ ಹೊಡೆಯುವುದಿದ್ದರೆ ಪೈಪನ್ನು ಪೂರ್ತಿ ಕಳಚಿಕೊಂಡು ದೂರ ಹಿಡಿದು ಹೊಡೆಯಿರಿ.


ಗಾಡಿಹುಚ್ಚ:

ಹಳೇಕೈ ಸರ್, ಅಂಗೈಗೆ ಗಾಳಿ ತಾಗಲಿಲ್ಲ. ಕೆನ್ನೆ ನೋಯುವಷ್ಟು ಊದಿದೆ. ನಿಪ್ಪಲ್ಲೇ ಮುಚ್ಚಿದೆ ಹಾಗಾದರೆ.

ಬಿಚ್ಚುವ ಮೊದಲು ಕೇಳುತ್ತಿದ್ದೇನೆ: ತಂತಿ ಹಾಕಿ ಚುಚ್ಚಿದರೆ ಕಸ ಒಳಗೆ ಬೀಳುವುದಿಲ್ಲವೇ?


ಹಳೇಕೈ:

ಬೀಳುತ್ತದೆ. ಅದಕ್ಕೇ ಹಳೇ ಆಯಿಲು ಇಳಿಸುವ ಮೊದಲೇ ಆ ಕೆಲಸ ಮುಗಿಸಿ. ನಿಪ್ಪಲ್ಲಿನ ಸುತ್ತ ಬ್ರಶ್ ಹಾಕಿ ಉಜ್ಜಿ ಒರೆಸಿ, ಆಮೇಲೆ ಬಿಚ್ಚಿ. ಕೆಳಗಿನ ತೂತಿಗೆ ಡ್ರಿಲ್ ಬಿಟ್ಟಿಗೆ ಗ್ರೀಸ್ ಬಳಿದು ಕೈಬೆರಳಲ್ಲೇ ತಿರುಗಿಸಿ, ಮೆಷಿನ್ನಿಗೆ ಹಾಕಬೇಡಿ. ಕಸ ಗ್ರೀಸಿಗೆ ಅಂಟಿ ಮೇಲೆ ಬರುತ್ತದೆ, ಜಾರಿ ಒಳಗೆ ಬಿದ್ದ ಚೂರುಪಾರು ಆಯಿಲಿನ ಜೊತೆ ಹೊರಗೆ ಹೋಗುತ್ತದೆ.

ಮುಚ್ಚಿದ ಆಕ್ಸಲ್ಲಿನ ಪ್ಲಗ್ಗನ್ನು ಬಿಸಿಯಲ್ಲಿ ಬಿಚ್ಚಬೇಡಿ, ಮುಖಕ್ಕೆ ಹಾರುತ್ತದೆ. ಆಯಿಲು ಇಳಿಸುವಾಗ ಮೊದಲು ತುಂಬುವ ಪ್ಲಗ್ಗು ಬಿಚ್ಚುತ್ತದೆಯೇ ನೋಡಿಕೊಳ್ಳಿ, ಆಮೇಲೆ ಕೆಳಗಿನದು. ಎಲ್ಲ ಇಳಿಸಿಯಾದ ಮೇಲೆ ತುಂಬುವ ಪ್ಲಗ್ಗು ಜಾಮ್ ಆಗಿದೆ ಅಂತ ಗೊತ್ತಾಗುವುದು ಎಂಥ ಫಜೀತಿ ಅಂತ ಅನುಭವಿಸಿದವರಿಗೇ ಗೊತ್ತು.


ಡೀಸೆಲ್‌ಹೊಗೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಯಾಕೆ? ಪೈಪಿನ ತುದಿಗೆ ಒಂದು ಒನ್ ವೇ ವಾಲ್ವ್ ಹಾಕಿದರೆ ಗಾಳಿ ಹೊರಗೆ ಹೋಗುತ್ತದೆ, ನೀರು ಒಳಗೆ ಬರುವುದಿಲ್ಲ. ನಾನು ಎರಡೂ ಆಕ್ಸಲ್ಲಿಗೆ ಹಾಕಿದ್ದೇನೆ, ಇನ್ನೂ ಏನೂ ತೊಂದರೆ ಇಲ್ಲ.


ಹಳೇಕೈ:

ಡೀಸೆಲ್‌ಹೊಗೆ, ನೀವು ಹಳ್ಳಕ್ಕೆ ಇಳಿಸಿದ್ದೀರಾ? ಇಳಿಸಿಲ್ಲವಾದರೆ ತೊಂದರೆ ಬಂದಿರುವುದಿಲ್ಲ.

ಹೊರಗೆ ಬಿಟ್ಟು ಒಳಗೆ ಬಿಡದ ವಾಲ್ವು ಅಂದರೆ ಉಸಿರು ಬಿಡಬಹುದು, ಎಳೆದುಕೊಳ್ಳುವ ಹಾಗಿಲ್ಲ ಅಂದಂತೆ. ತಣ್ಣಗಾದಾಗ ಆ 0.15 ಬಾರಿನ ಸೆಳೆತ ಪೂರ್ತಿ ಸೀಲಿನ ಮೇಲೇ. ಹಳೇ ಗಾಡಿಗಳಲ್ಲಿ ನಿಪ್ಪಲ್ಲಿನ ಬದಲು ಹೌಸಿಂಗಿನ ಮೇಲೇ ಅಲ್ಲಾಡುವ ಸಣ್ಣ ಟೋಪಿ ಬರುತ್ತಿತ್ತಲ್ಲ, ಅದು ಕೂಡ ಸಡಿಲ ಇರುವವರೆಗೆ ಸರಿ. ಕೆಸರು ಒಣಗಿ ಕೂತಿತೆಂದರೆ ಎರಡೂ ದಾರಿ ಬಂದ್. ಅದನ್ನು ಬೆರಳಲ್ಲಿ ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನಬೇಕು.

ನನ್ನ ಕೇಳಿದರೆ ವಾಲ್ವೇ ಬೇಡ. ತುದಿಯನ್ನು ನೀರು ಮುಟ್ಟದಷ್ಟು ಎತ್ತರಕ್ಕೆ ಒಯ್ದು, ಕೊಡೆಯ ಹಿಡಿಯಂತೆ ಕೆಳಮುಖ ಬಗ್ಗಿಸಿ ತೆರೆದೇ ಬಿಡಿ. ಬಾಯಿಗೆ ಸಣ್ಣ ಜಾಲರಿ ಇರಲಿ, ಇಲ್ಲದಿದ್ದರೆ ಕುಂಬಾರ ಹುಳ ಬಂದು ಮಣ್ಣು ಮೆತ್ತಿ ಮನೆ ಮಾಡುತ್ತದೆ. ನಗಬೇಡಿ, ಮೂರು ಗಾಡಿಗಳಲ್ಲಿ ನೋಡಿದ್ದೇನೆ. ಕೆಲವರು ಸಣ್ಣ ಫ್ಯೂಯೆಲ್ ಫಿಲ್ಟರ್ ಸಿಕ್ಕಿಸುತ್ತಾರೆ. ಸರಿಯೇ, ಆದರೆ ಆಯಿಲು ಸಿಡಿದು ಫಿಲ್ಟರಿನ ಕಾಗದ ನೆನೆದರೆ ಮತ್ತೆ ಅದೇ ಗೋಳು. ವರ್ಷಕ್ಕೊಮ್ಮೆ ಬದಲಾಯಿಸುವ ಶಿಸ್ತಿದ್ದರೆ ಮಾತ್ರ.


ನಾಲ್ಕನೇಗೇರ್:

ವೆಂಟ್ ಹುಡುಕಲು ಹೋದವರಿಗೆ ಒಂದು ವಿಷಯ. ಎಲ್ಲ ಗಾಡಿಯಲ್ಲೂ ನಿಪ್ಪಲ್ಲು ಕಣ್ಣಿಗೆ ಬೀಳುವುದಿಲ್ಲ. ಫೋರ್ಡಿನ 8.8 ಇಂಚಿನ ಹಿಂದಿನ ಆಕ್ಸಲ್ಲಿನಲ್ಲಿ ಬ್ರೇಕ್ ಪೈಪು ಎರಡು ಕವಲಾಗುವ ಬ್ಲಾಕ್ ಇದೆಯಲ್ಲ, ಅದನ್ನು ಕೂರಿಸಿರುವ ಬೋಲ್ಟೇ ವೆಂಟ್. ಬೋಲ್ಟಿನ ನಡುವೆ ಉದ್ದಕ್ಕೆ ತೂತಿರುತ್ತದೆ. ಅದು ತುಕ್ಕು ಹಿಡಿದು ಮುರಿಯಿತು ಅಂತ ಯಾರಾದರೂ ಅದೇ ಅಳತೆಯ ಮಾಮೂಲಿ ಬೋಲ್ಟ್ ಹಾಕಿದರೆ ಬ್ಲಾಕೇನೋ ಗಟ್ಟಿಯಾಗಿ ಕೂರುತ್ತದೆ, ಆಕ್ಸಲ್ಲಿನ ಉಸಿರು ನಿಲ್ಲುತ್ತದೆ. ನೋಡಿದರೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.


ಹಳೇಕೈ:

ಒಳ್ಳೇ ಮಾತು. ಮುಂದಿನ ಆಕ್ಸಲ್ಲಿನದೂ ಸೇರಿಸಿಬಿಡುತ್ತೇನೆ. ಹಳೇ ಲ್ಯಾಂಡ್ ಕ್ರೂಸರಿನಂತೆ ಮುಂದೆ ಗುಂಡನೆಯ ಮುಚ್ಚಿದ ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ಇರುವ ಗಾಡಿಗಳಲ್ಲಿ ವೆಂಟ್ ಮುಚ್ಚಿದರೆ ಹೊರಗೆ ಏನೂ ಸೋರುವುದೇ ಇಲ್ಲ. ಡಿಫರೆನ್ಶಿಯಲ್ಲಿನ (ಆಕ್ಸಲ್ಲಿನ ಗೇರುಗಳಿರುವ ಭಾಗದ) ಆಯಿಲು ಒಳಗಿನ ಸೀಲು ದಾಟಿ ನಕಲ್ಲಿಗೆ ಹೋಗಿ ಅಲ್ಲಿನ ಗ್ರೀಸನ್ನು ತೆಳ್ಳಗೆ ಮಾಡುತ್ತದೆ. ಡಿಫರೆನ್ಶಿಯಲ್ಲಿನ ಲೆವೆಲ್ ಇಳಿದಿರುತ್ತದೆ, ನೆಲದ ಮೇಲೆ ಒಂದು ಹನಿ ಇರುವುದಿಲ್ಲ. ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತೀರಿ.


ಗಾಡಿಹುಚ್ಚ:

ಭಾನುವಾರ ಪೂರ್ತಿ ಇದರಲ್ಲೇ ಹೋಯಿತು. ಬರೆಯಲೇಬೇಕು.

ನಿಪ್ಪಲ್ಲು ಬಿಚ್ಚಿದೆ. ಮೇಲಿಂದ ನೋಡಲು ಚೊಕ್ಕವಾಗಿತ್ತು. ಕೆಳಗಿನ ತೂತಿನಲ್ಲಿ ಮಾತ್ರ ಟಾರಿನಂಥ ಕಪ್ಪು ಗಟ್ಟಿ, ಅದರ ಮೇಲೆ ತುಕ್ಕಿನ ಕೆಂಪು ಪುಡಿ. ನೀವು ಹೇಳಿದಂತೆ ಗ್ರೀಸ್ ಬಳಿದ ಬಿಟ್ಟನ್ನು ಕೈಯಲ್ಲಿ ತಿರುಗಿಸಿದೆ. ಹನ್ನೆರಡು ಸಲ ಒರೆಸಿ ಒರೆಸಿ ಹಾಕಿದ ಮೇಲೆ ಒಂದೇ ಸಲ "ಪುಸ್ಸ್" ಅಂತ ಬಂತು. ಗಾಡಿ ಹಿಂದಿನ ರಾತ್ರಿಯಿಂದ ನಿಂತೇ ಇತ್ತು, ಆದರೂ ಒಳಗೆ ಏನೋ ಹಿಡಿದಿಟ್ಟುಕೊಂಡಿತ್ತು. ಒಳಗೆ ಎಳೆಯಿತೋ ಹೊರಗೆ ಬಿಟ್ಟಿತೋ ಗೊತ್ತಾಗಲಿಲ್ಲ, ಅಷ್ಟು ಬೇಗ ಮುಗಿಯಿತು.

ಆಯಿಲು ಇಳಿಸಿದೆ. ಮೊದಲು ಅರ್ಧ ಲೋಟದಷ್ಟು ನೀರೇ ಬಂತು, ಆಮೇಲೆ ಬೂದು ಆಯಿಲು. ಶಾಫ್ಟಿನ ಮೇಲೆ ಉಗುರು ಸಿಕ್ಕಿಕೊಳ್ಳುವಂಥ ಗೆರೆಯೂ ಇದೆ, ನಾಲ್ಕನೇಗೇರ್ ಅವರಿಗೆ ಪೂರ್ತಿ ಅಂಕ.

ಈಗ ಮೂರು ಪ್ರಶ್ನೆ ಸರ್. ಆಯಿಲು ಒಂದೇ ಸಲ ಬದಲಾಯಿಸಿದರೆ ಸಾಕೇ? ಗೆರೆಗೆ ಏನು ಮಾಡಲಿ? ಪೈಪು 30 ವರ್ಷದ್ದು, ಹೊಸದಕ್ಕೆ ಯಾವುದು ತರಲಿ?


ಹಳೇಕೈ:

ಆಯಿಲು ಎರಡು ಸಲ. ಮೊದಲು ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಹಾಕಿ (ಹೆಚ್ಚಾಗಿ ಜಿಎಲ್-5, 80ಡಬ್ಲ್ಯೂ-90), 40-50 ಕಿಲೋಮೀಟರು ಓಡಿಸಿ ಬಿಸಿ ಇರುವಾಗ ಇಳಿಸಿ. ವೆಂಟ್ ತೆರೆದಿರುವುದರಿಂದ ಈಗ ಬಿಸಿಯಲ್ಲಿ ಬಿಚ್ಚಲು ಹೆದರಬೇಕಿಲ್ಲ, ಕೈ ಸುಟ್ಟುಕೊಳ್ಳದಿದ್ದರೆ ಸರಿ. ಎರಡನೇ ಸಲವೂ ಬೂದಾಗಿ ಬಂದರೆ ಇನ್ನೊಮ್ಮೆ. ಓಡಿಸುವಾಗ ಕಿವಿ ಹಿಂದಕ್ಕಿರಲಿ. ನೀರು ಕೂತ ಬೇರಿಂಗಿಗೆ ತುಕ್ಕಿನ ಚುಕ್ಕೆ ಬಿದ್ದಿದ್ದರೆ ವೇಗದ ಜೊತೆ ಏರುವ ಗುಂಯ್‌ಗುಡುವ ಸದ್ದು ಬರುತ್ತದೆ. ಹಾಗೆ ಬಂದರೆ ಆಕ್ಸಲ್ಲು ಬಿಚ್ಚಲೇಬೇಕು, ಮುಂದೂಡಬೇಡಿ.

ಗೆರೆಗೆ, ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರು ಮುಂದೆಯೋ ಹಿಂದೆಯೋ ಕೂರಿಸಿ, ತುಟಿ ಹೊಸ ಜಾಗದಲ್ಲಿ ಓಡಲಿ. ಜಾಗವಿಲ್ಲದಿದ್ದರೆ ಶಾಫ್ಟಿನ ಮೇಲೆ ಹಾಕುವ ತೆಳು ರಿಪೇರಿ ಸ್ಲೀವ್ ಸಿಗುತ್ತದೆ. ಆಯಿಲು ಕುಡಿದ ಲೈನರನ್ನು ತೊಳೆದು ಒಣಗಿಸಿ ಮತ್ತೆ ಹಾಕುವ ಬುದ್ಧಿ ಮಾತ್ರ ಬೇಡ. ಕಾದಾಗ ಒಳಗಿನ ಆಯಿಲು ಮತ್ತೆ ಮೇಲೆ ಬರುತ್ತದೆ. ಹೊಸದೇ ಹಾಕಿ, ಎರಡೂ ಚಕ್ರಕ್ಕೆ.

ಪೈಪು: ಆಯಿಲು ತಡೆಯುವ ಫ್ಯೂಯೆಲ್ ಪೈಪು ತನ್ನಿ, ಒಳ ಅಳತೆ ನಿಪ್ಪಲ್ಲಿಗೆ ಸರಿಯಾಗಿ, ಸಾಮಾನ್ಯವಾಗಿ 6 ಅಥವಾ 8 ಮಿಲಿಮೀಟರು. ನೋಡಲು ಚೆಂದ ಅಂತ ಪಾರದರ್ಶಕ ಪ್ಲಾಸ್ಟಿಕ್ ಪೈಪು ಬೇಡ, ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಏರ್ ಬ್ರೇಕಿನ ನೈಲಾನ್ ಪೈಪು ಒಳ್ಳೇದೇ.

ಎಲ್ಲರೂ ಎಡವುವುದು ಉದ್ದದಲ್ಲಿ. ಗಾಡಿ ನೆಲದ ಮೇಲೆ ನಿಂತಿರುವಾಗ ಅಳತೆ ತೆಗೆಯುತ್ತಾರೆ. ಗುಂಡಿ ಸಿಕ್ಕಿ ಚಕ್ರ ಕೆಳಗೆ ಜೋತಾಗ ಪೈಪು ಬಿಗಿದು ನಿಪ್ಪಲ್ಲಿನಿಂದ ಕಳಚುತ್ತದೆ, ಆಮೇಲೆ ಹಳ್ಳದಲ್ಲಿ ನೇರ ಆ ತೂತಿನಿಂದಲೇ ನೀರು. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ಲು ಪೂರ್ತಿ ಜೋಲುಬಿಟ್ಟು ಅಳೆಯಿರಿ, ಅದರ ಮೇಲೆ ಒಂದು ಗೇಣು ಹೆಚ್ಚು. ಬ್ರೇಕಿನ ರಬ್ಬರ್ ಪೈಪು ಹೋಗುವ ದಾರಿಯಲ್ಲೇ ಇದೂ ಹೋಗಲಿ, ಆ ದಾರಿಯನ್ನು ಗಾಡಿ ಮಾಡಿದವರು ಆಟ ನೋಡಿಯೇ ಇಟ್ಟಿರುತ್ತಾರೆ. ಆದರೆ ಬ್ರೇಕ್ ಪೈಪಿಗೇ ಕಟ್ಟಬೇಡಿ. ಸೈಲೆನ್ಸರಿನಿಂದ ದೂರ, ಪ್ರೊಪೆಲ್ಲರ್ ಶಾಫ್ಟಿನಿಂದ ಇನ್ನೂ ದೂರ. ನಿಪ್ಪಲ್ಲಿನಿಂದ ತುದಿಯವರೆಗೆ ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ಹೊಟ್ಟೆ ಜೋತು ಬೀಳಬಾರದು. ಅಲ್ಲಿ ಆಯಿಲಿನ ಹನಿಯೋ ನೀರೋ ನಿಂತು ಬಿರಡೆಯಾಗುತ್ತದೆ. ಪ್ಲಾಸ್ಟಿಕ್ ಟೈ ಎಳೆದು ಬಿಗಿಯುವವರನ್ನು ಕಂಡರೆ ನನಗಾಗದು. ಪೈಪಿನ ಕುತ್ತಿಗೆ ಹಿಸುಕಿ, ಹೊಸ ಪೈಪು ಹಾಕಿದೆ ಅಂತ ಬೀಗುತ್ತಾರೆ.

ಕೊನೆಗೆ ಒಂದು ಮಜಾ. ಪೈಪಿನ ತುದಿಗೆ ತೆಳುವಾದ ರಬ್ಬರ್ ಕೈಗವಸು ಕಟ್ಟಿ ಅರ್ಧ ಗಂಟೆ ಓಡಿಸಿ ಬನ್ನಿ. ನೋಡಿದ ಮೇಲೆ ತೆಗೆಯಲು ಮರೆಯಬೇಡಿ.


ಡೀಸೆಲ್‌ಹೊಗೆ:

ನನ್ನ ಎರಡೂ ವಾಲ್ವು ಕಿತ್ತೆ. ಹಿಂದಿನದು ಕಿತ್ತಾಗ "ಸ್ಸ್" ಅಂತ ಒಳಕ್ಕೆ ಎಳೆಯಿತು. ಸುಮ್ಮನಾಗುತ್ತೇನೆ.


ಗಾಡಿಹುಚ್ಚ:

ಹೊಸ ಪೈಪು, ಹೊಸ ಸೀಲು, ಹೊಸ ಲೈನರು ಆಯಿತು. ತುದಿಯನ್ನು ಕ್ಯಾಬಿನ್ನಿನ ಬೆನ್ನಿಗೆ, ಕಿಟಕಿಯ ಮಟ್ಟಕ್ಕೆ ಒಯ್ದು ಬಗ್ಗಿಸಿದ್ದೇನೆ. ಕೈಗವಸು ಕಟ್ಟಿ 35 ಕಿಲೋಮೀಟರು ಹೋಗಿ ಬಂದೆ. ಇಳಿದು ನೋಡಿದರೆ ಐದೂ ಬೆರಳು ಉಬ್ಬಿಕೊಂಡು ನನಗೆ ಟಾಟಾ ಮಾಡುತ್ತಿದೆ! ಹೆಂಡತಿಯನ್ನು ಕರೆದು ತೋರಿಸಿದೆ, ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಒಂದೂವರೆ ಗಂಟೆಯಲ್ಲಿ ಕೈಗವಸು ಮೆಲ್ಲಗೆ ಕುಗ್ಗಿ ಜೋತಿತು. ಎರಡನೇ ಸಲ ಇಳಿಸಿದ ಆಯಿಲಿನಲ್ಲಿ ಬೂದು ಇಲ್ಲ, ಸದ್ದೂ ಇಲ್ಲ.

ಅದೇ ಹುರುಪಿನಲ್ಲಿ ಮುಂದಿನ ಆಕ್ಸಲ್ಲಿನ ಕೆಳಗೆ ನುಗ್ಗಿದೆ. ಅಲ್ಲಿ ನಿಪ್ಪಲ್ಲೇ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಬೋಲ್ಟ್ ಇದೆ, ಅದರ ಮೇಲೆ ಬಣ್ಣ ಬೇರೆ ಬಳಿದಿದ್ದಾರೆ.


ಹಳೇಕೈ:

ನೀರಿಗೆ ಇಳಿಸಬೇಡಿ. ಮೊದಲು ಲೆವೆಲ್ ಪ್ಲಗ್ ಬಿಚ್ಚಿ, ಗಾಡಿ ತಣ್ಣಗಾದ ಮೇಲೆ. ಆಯಿಲಿನ ಬಣ್ಣದ ಫೋಟೋ ಹಾಕಿ.